ಚಹಾ ಬಂದ ಮೇಲಿನ ಮಾತು

ಸಾಂಗಲಿ
11 ನವೆಂಬರ್ 2024

ಸುಮನಬಾಯಿ ಅವರಿಗೆ ನಮಸ್ಕಾರ.

ಇಂದು ಬೆಳಿಗ್ಗೆ ಅವ್ವ ತೊಳೆದ ತಂಬಿಗೆಯನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಕೆಲಸಕ್ಕೆ ಹೋದಳು. ಅದರ ತಳದಲ್ಲಿ ಅವಳ ಬೆರಳುಗಳ ಹಳದಿ ಗುರುತು ಉಳಿದಿತ್ತು. ಹನ್ನೆರಡು ವರ್ಷದಿಂದ ಗೋದಾಮಿನಲ್ಲಿ ಅರಿಶಿನದ ಕೊಂಬು ಆರಿಸುವ ಕೈ ಅದು. ತಂಬಿಗೆ ನೆಟ್ಟಗಿದ್ದಾಗ ಆ ಗುರುತು ಯಾರಿಗೂ ಕಾಣುವುದಿಲ್ಲ. ಇದನ್ನು ನಿಮಗೇಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಕೆಲಸದ ಮಾತು ಶುರು ಮಾಡುವ ಮೊದಲು ನನಗೆ ಇಂಥದೊಂದು ಬೇಕಾಗುತ್ತದೆ.

ಕಣ್ಣಿನ ಶಸ್ತ್ರಕ್ರಿಯೆಯಾದ ಮೇಲೆ ನೀವು ಪರದೆ ನೋಡಬಾರದೆಂದು ನಿಮ್ಮ ತಮ್ಮ ಬಸವಪ್ರಸಾದ ಕಾಕಾ ಹೇಳಿದರು. ಫೋನಿನಲ್ಲಾದರೆ ನಾನು ‘ಹೂಂ’ ಬಿಟ್ಟು ಬೇರೇನೂ ಹೇಳುವುದಿಲ್ಲವೆಂದು ಹೋದ ಸಲ ನೀವೇ ನಕ್ಕಿರಿ. ಅದಕ್ಕೇ ಈ ಕಾಗದ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.

ನಿಮ್ಮ ‘ನೀರಿನ ಸರದಿ’ ಪುಸ್ತಕದ ಮೂರು ಅಧ್ಯಾಯಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದೇನೆ. ಈಗ ನಾಲ್ಕನೆಯದು. ನಿಮ್ಮ ಹೆಸರು ಕೇಳಿದವರೆಲ್ಲ ನೆನೆಯುವುದು ಇದನ್ನೇ ಅಲ್ಲವೆ? ಬೆಟ್ಟದ ಮೇಲೆ ಎದುರುಬದುರು ಎರಡು ದೇಶಗಳ ಕಾವಲು ಚೌಕಿ, ನಡುವೆ ಒಂದೇ ಒರತೆ, ಒರತೆಯ ಪಕ್ಕದ ಕಲ್ಲಿನ ಮೇಲೆ ಒಂದು ಎನಾಮೆಲ್ ಮಗ್ಗು. ನೀರು ತುಂಬಿಕೊಂಡವರು ಮಗ್ಗನ್ನು ಬೋರಲು ಹಾಕಿ ಹೋಗಬೇಕು. ಬೋರಲು ಕಂಡರೆ ಇನ್ನೊಂದು ಕಡೆಯವರು ಇಳಿಯಬೇಕು. ಯಾರೂ ಬರೆದುಕೊಳ್ಳದ ಈ ಕರಾರು ಹತ್ತೊಂಬತ್ತು ತಿಂಗಳು ನಡೆಯಿತು. ಒಂದು ಗುಂಡೂ ಹಾರಲಿಲ್ಲ. ಇದನ್ನು ನಿಮಗೆ ಹೇಳಿದವರು ಸೈನ್ಯದಲ್ಲಿ ನಾಯಕ್ ಆಗಿದ್ದ ನಮ್ಮ ಸಲಗರೆಯ ಲಗಮಣ್ಣ. ಭದ್ರತೆ, ಕಾರ್ಯತಂತ್ರ ಎಂಬ ಶಬ್ದಗಳು ನನಗೆ ಇನ್ನೂ ಕೈಗೆ ಹತ್ತಿಲ್ಲ. ಆದರೆ ಆ ಮಗ್ಗು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಒಂದು ಸಂದೇಹವಿದೆ. ಲಗಮಣ್ಣ ಅವರ ಮಾತನ್ನು ಇಂಗ್ಲಿಷಿನಿಂದ ತರುವ ಬದಲು ಮೂಲದಿಂದಲೇ ತರೋಣವೆಂದು, ಕಾಕಾನ ಪಾತ್ರೆ ಅಂಗಡಿಯ ಅಟ್ಟದಲ್ಲಿರುವ ನಿಮ್ಮ ಟ್ರಂಕು ತೆಗೆದೆ. ಮರಾಠಿಯಲ್ಲಿ ಬೆರಳಚ್ಚಾದ ಪ್ರತಿ ಸಿಕ್ಕಿತು. ಹದಿನಾಲ್ಕನೇ ಪುಟದ ಕೆಳಗೆ ಪುಣೆಯ ಬೆರಳಚ್ಚುಗಾರ ಕೆಂಪು ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದಾನೆ: ‘ಚಹಾ ಬಂತು. ಮುಂದೆ ಮನೆಮಾತು, ಕನ್ನಡದಲ್ಲಿ. 22 ನಿಮಿಷ. ಬಿಟ್ಟಿದೆ.’ ಆ ಕ್ಯಾಸೆಟ್ ಟ್ರಂಕಿನಲ್ಲೇ ಇದೆ. ಕೇಳಲೇ?

ಇನ್ನೊಂದು ಮಾತು. ಪುಸ್ತಕದಲ್ಲಿ ನನ್ನ ಹೆಸರು ಹಾಕುವುದು ಬೇಡ. ನಾಚಿಕೆಯಾಗುತ್ತದೆ. ‘ಅನುವಾದಿತ’ ಎಂದರೆ ಸಾಕು.

ನಿಮ್ಮ
ದಾ.

*

ದೆಹಲಿ
24 ನವೆಂಬರ್ 2024

ಚಿ. ದಾನೇಶ್ವರಿಗೆ ಆಶೀರ್ವಾದ.

ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಸಾಲಿಗೆ ನಾಲ್ಕೇ ಶಬ್ದ ಹಿಡಿಯುತ್ತದೆ. ಹಾಳೆ ಮುಗಿದಷ್ಟು ಬೇಗ ಮಾತು ಮುಗಿಯುವುದಿಲ್ಲ.

ನಿನ್ನ ಅವ್ವನ ಬೆರಳಿನ ಗುರುತು ಓದಿ ಖುಷಿಯಾಯಿತು. ನೋಡುವ ಕಣ್ಣು ಅದು. ನನಗಂತೂ ಆ ವಯಸ್ಸಿನಲ್ಲಿ ದೊಡ್ಡದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸಾಂಗಲಿಯಲ್ಲಿ ಪೌರನೀತಿ ಕಲಿಸುತ್ತಿದ್ದೆ. ‘ಯುದ್ಧದ ಉಸಾಬರಿ ಹೆಣ್ಣಮಗಳಿಗ್ಯಾಕ? ಅಂಗಡ್ಯಾಗ ಕೂತು ನಿನ್ನ ತಮ್ಮಗ ಗುಣಾಕಾರ ಕಲಿಸು’ ಎನ್ನುತ್ತಿದ್ದರು ಅಪ್ಪ ಕಲ್ಲಯ್ಯನವರು. ನಾನು ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಕೆಂಪು ಬಸ್ಸು ಹತ್ತಿದೆ. ಮ್ಹೈಸಾಳ, ಸಮಡೋಳಿ, ಸಲಗರೆ. ಸೈನ್ಯದಿಂದ ನಿವೃತ್ತರಾದ ನಲವತ್ತೊಂದು ಜನರ ಮನೆ. ನಲವತ್ತೊಂದು ಕ್ಯಾಸೆಟ್. ಗಡಿಯ ಬಗ್ಗೆ ಬರೆಯುವವರೆಲ್ಲ ಮಂತ್ರಿಗಳನ್ನು ಕೇಳುತ್ತಿದ್ದ ಕಾಲ. ನಾನು ಕಾವಲು ನಿಂತವರನ್ನು ಕೇಳಿದೆ.

ದೆಹಲಿಯ ಮೊದಲ ಗೋಷ್ಠಿಯಲ್ಲಿ ಅರವತ್ತು ಜನ ಸಮವಸ್ತ್ರದವರು, ನಾನೊಬ್ಬಳೇ ಹೆಂಗಸು. ಒಬ್ಬ ದೊಡ್ಡ ಅಧಿಕಾರಿ ಬಂದು ಚಹಾ ಎಲ್ಲಿದೆ ಎಂದು ಕೇಳಿದರು. ‘ಗೊತ್ತಿಲ್ಲ, ನಾನು ಎರಡನೇ ಭಾಷಣದವಳು’ ಎಂದೆ. ಅಂದು ಲಗಮಣ್ಣನ ಮಗ್ಗಿನ ಕಥೆ ಹೇಳಿದೆ. ಭಾಷಣ ಮುಗಿದ ಮೇಲೆ ಅದೇ ಅಧಿಕಾರಿ ತಾವೇ ಹೋಗಿ ನನಗೆ ಚಹಾ ತಂದುಕೊಟ್ಟರು. ನನ್ನ ಮೂವತ್ತು ವರ್ಷದ ಪಾಠವೆಲ್ಲ ಅಲ್ಲಿಂದಲೇ ಬಂತು. ತರಗತಿಯ ಮೊದಲ ದಿನ ನಾನು ಕೇಳುತ್ತಿದ್ದದ್ದು ಇಷ್ಟೇ: ನೀರಿಗೆ ಹೋದವನು ಹಿಂದಿರುಗಿ ಬರುತ್ತಾನೆಯೇ? ಭದ್ರತೆ ಎಂದರೆ ಅದು. ಉಳಿದದ್ದೆಲ್ಲ ಅದಕ್ಕೆ ಹೊದಿಸಿದ ದೊಡ್ಡ ಶಬ್ದ.

ಕ್ಯಾಸೆಟ್ಟಿನ ಗೊಡವೆ ಬೇಡ. ಚಹಾ ಕುಡಿಯುತ್ತ ಆಡಿದ ಮಾತು. ಮಳೆ, ಬೆಳೆ, ಯಾರ ಮನೆಯಲ್ಲಿ ಮದುವೆ. ನೀನು ಮುಂದಕ್ಕೆ ಹೋಗು.

ನಿನಗೊಂದು ಸುದ್ದಿ. ಇಲ್ಲಿನ ಒಂದು ಅಧ್ಯಯನ ಸಂಸ್ಥೆ ನನ್ನ ಕಾಗದಪತ್ರಗಳನ್ನೆಲ್ಲ ತೆಗೆದುಕೊಳ್ಳುತ್ತಿದೆ. ಜೋಡಿಸಿಡಲು ಕನ್ನಡ, ಮರಾಠಿ ಎರಡೂ ಬಲ್ಲವರು ಬೇಕು. ಜೂನ್‌ನಿಂದ. ನಿನ್ನ ಹೆಸರು ಹೇಳಿದ್ದೇನೆ. ಪುಸ್ತಕದಲ್ಲಿಯೂ ನಿನ್ನ ಹೆಸರು ಇರುತ್ತದೆ. ನಾಚಿಕೆಯಾದರೆ ಸಣ್ಣ ಅಕ್ಷರದಲ್ಲಿ ಹಾಕಿಸೋಣ.

ಸುಮನ ಪಟ್ಟಣಶೆಟ್ಟಿ

*

ಸಾಂಗಲಿ
9 ಡಿಸೆಂಬರ್ 2024

ಸುಮನಬಾಯಿ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ತಡವಾಗಿ ಬಂತು. ಅಷ್ಟರಲ್ಲಿ ನಾನು ಕೇಳಿಬಿಟ್ಟಿದ್ದೆ. ಉತ್ತರ ಬರುವವರೆಗೆ ಕಾಯಬೇಕಿತ್ತು. ತಪ್ಪು ನನ್ನದು.

ಕ್ಯಾಸೆಟ್ ಹಾಡಿಸುವ ಯಂತ್ರ ಈಗ ಎಲ್ಲಿ ಸಿಗುತ್ತದೆ? ಮಿರಜಿನಲ್ಲಿ ಸಿತಾರ ಮಾಡುವವರ ಓಣಿಯಲ್ಲಿ ಶ್ರೇಣಿಕ ಎಂಬ ಕುಶಲಕರ್ಮಿಯ ಹತ್ತಿರ ಒಂದು ಇತ್ತು. ಹಳೆಯ ವಾದಕರ ಧ್ವನಿ ಕೇಳುತ್ತ ತಂತಿ ಬಿಗಿಯುತ್ತಾನೆ. ‘ಒಳಗಿನ ಪಟ್ಟಾ ಹೊಸಾದು ಹಾಕೇನಿ, ಹಗೂರ ಒತ್ರಿ’ ಎಂದು ಹೇಳಿ ಕೊಟ್ಟ. ಅದನ್ನು ಹೊತ್ತು ಅಟ್ಟ ಹತ್ತುವಾಗ ಬಸವಪ್ರಸಾದ ಕಾಕಾ ಗಿರಾಕಿಗಳ ಎದುರಿಗೇ ಕೂಗಿದರು: ‘ಏನ ದಾನೇಶ್ವರಿ, ಯುದ್ಧ ಮುಗೀತೇನ ಮ್ಯಾಲ? ನಮ್ಮಕ್ಕ ಜಗತ್ತಿನ ಜಗಳಾ ಬಗಿಹರಸಾಕ ಹೋದಳು, ಕುಕ್ಕರ ಸೀಟಿ ಊದವೊಲ್ದು ಅನ್ನವರ ಜಗಳಾ ನನ್ನ ಕೊಳ್ಳಿಗೆ ಬಿಟ್ಟಳು.’ ಎಲ್ಲರೂ ನಕ್ಕರು. ನಾನು ಯಾರ ಮುಖವನ್ನೂ ನೋಡದೆ ಮೇಲೆ ಹೋದೆ.

ಮಳೆ ಬೆಳೆಯ ಮಾತು ಅದರಲ್ಲಿಲ್ಲ. ನೀವು ಮರೆತಿರಬಹುದು. ಕೇಳಿದ್ದನ್ನು ಕೇಳಿದಂತೆಯೇ ಬರೆಯುತ್ತೇನೆ.

ಕಪ್ಪು-ಬಸಿಯ ಸಪ್ಪಳ ಬರುತ್ತದೆ. ನೀವು ಸುರ್ ಎಂದು ಒಂದು ಗುಟುಕು ಕುಡಿಯುತ್ತೀರಿ. ಲಗಮಣ್ಣ ನಗುತ್ತಾರೆ. ಅಲ್ಲಿಯವರೆಗೆ ಅಚ್ಚುಕಟ್ಟಾದ ಮರಾಠಿಯಲ್ಲಿ ವರದಿ ಒಪ್ಪಿಸುವಂತೆ ಮಾತಾಡುತ್ತಿದ್ದವರು, ಒಮ್ಮೆಲೇ ಕನ್ನಡಕ್ಕೆ ಬರುತ್ತಾರೆ.

‘ಶೆಟ್ಟರ ಮಗಳು ನಮ್ಮನಿ ಚಹಾ ಕುಡದಳು. ಇನ್ನೇನ ಮುಚ್ಚೂದೈತಿ? ಇಷ್ಟೊತ್ತನಕಾ ಹೇಳಿದ್ದು ಸರಕಾರಿ ಮಾತು ತಂಗಿ. ಈಗ ನಮ್ಮ ಮಾತು ಕೇಳು. ಆ ಸರದಿ ನಮ್ಮ ಪಲ್ಟಣ ಬದಲಾತಂತ ನಿಂದರಲಿಲ್ಲ. ಹೊಸಾ ಸಾಹೇಬ ಬಂದ್ರು. ಆ ಕಡೆ ಮಂದಿ ನೀರಿಗೆ ಯಾವಾಗ ಇಳೀತಾರ ಅಂತ ಎಲ್ಲಾರನೂ ಕೇಳಿದ್ರು. ಯಾರೂ ಬಾಯಿ ಬಿಡಲಿಲ್ಲ. ನಾ ಬಿಟ್ಟೆ. ಮಗ್ಗ ಬೋರಲ ಇದ್ರ ಇಳೀತಾರ್ರಿ ಸಾಹೇಬ, ಅಂದೆ. ಹಂಗಾರ ನೀನ ಹೋಗಿ ಇಡು, ಅಂದ್ರು. ಇಟ್ಟೆ. ನಮ್ಮವರು ಕಲ್ಲಿನ ಹಿಂದ ಕುಂತಿದ್ರು. ಅಂವ ಬಂದ. ನಡುವಯಸ್ಸಿನಾಂವ, ಕೊಳ್ಳಾಗ ಹಸರ ಮಫ್ಲರು. ದಿನಾ ಬರಾಂವ ಅವನ. ಮಗ್ಗ ತಗೊಂಡು ನಮ್ಮ ಕಡೆ ಎತ್ತಿ ತೋರಸಿದ. ದಿನಾ ತೋರಸ್ತಿದ್ದ, ಸಲಾಮ ಹೊಡದಂಗ. ಹಂಗ ಕೈ ಮ್ಯಾಲಿದ್ದಾಗನ ಹೊಡದ್ರು.’

ಇಲ್ಲಿಗೆ ನಾನು ಯಂತ್ರ ನಿಲ್ಲಿಸಿದೆ. ಮುಂದೆ ಕೇಳಲು ಆಗಲಿಲ್ಲ. ಅಟ್ಟದ ಮೇಲೆ ಕಾಕಾನ ಹೊಸ ಪಾತ್ರೆಗಳೆಲ್ಲ ಬೋರಲಾಗಿ ಒಂದರ ಮೇಲೊಂದು ಕೂತಿದ್ದವು.

ಬಾಯಿ, ಪುಸ್ತಕದಲ್ಲಿ ‘ಸೈನ್ಯದ ಪಲ್ಟಣ ಬದಲಾದ್ದರಿಂದ ಈ ವ್ಯವಸ್ಥೆ ತಾನಾಗಿ ಕೊನೆಗೊಂಡಿತು’ ಎಂದಿದೆ. ಆ ಸಾಲನ್ನು ನಾನು ಕನ್ನಡದಲ್ಲಿ ಹೇಗೆ ಬರೆಯಲಿ?

ನಿಮ್ಮ
ದಾ.

*

ದೆಹಲಿ
2 ಜನವರಿ 2025

ದಾನೇಶ್ವರಿ,

ನಾನು ಮರೆತಿರಲಿಲ್ಲ. ಮಳೆ ಬೆಳೆ ಎಂದು ನಿನಗೆ ಬರೆದದ್ದು ಸುಳ್ಳು. ಅದಕ್ಕೆ ಕ್ಷಮೆ ಕೇಳುತ್ತೇನೆ. ಉಳಿದದ್ದಕ್ಕೆ ಕೇಳುವುದಿಲ್ಲ.

ಲಗಮಣ್ಣನವರೇ ಬರೆಯಬೇಡ ಎಂದರು. ನನಗೆ ಸ್ಪಷ್ಟವಾಗಿ ನೆನಪಿದೆ. ಚಹಾದ ಬಸಿ ಕೆಳಗಿಟ್ಟು, ಇದು ಪುಸ್ತಕದಲ್ಲಿ ಬೇಡ ಎಂದರು. ನಾನು ಮಾತು ಕೊಟ್ಟೆ. ನಮ್ಮ ವಿದ್ಯೆಯಲ್ಲಿ, ಮಾಹಿತಿ ಕೊಟ್ಟವನಿಗೆ ಕೊಟ್ಟ ಮಾತು ಎಲ್ಲಕ್ಕಿಂತ ದೊಡ್ಡದು. ಬೆರಳಚ್ಚುಗಾರನಿಗೆ ಕನ್ನಡ ಬರುತ್ತಿರಲಿಲ್ಲ. ಅವನು ಬಿಟ್ಟ, ನಾನು ಸುಮ್ಮನಿದ್ದೆ.

ಇನ್ನೊಂದನ್ನೂ ಕೇಳು. ಎರಡು ಸಲ ನಾನು ಗಡಿ ಮಾತುಕತೆಯ ಸಮಿತಿಗಳಲ್ಲಿ ಕೂತಿದ್ದೇನೆ. ಗಡಿಯಲ್ಲಿ ದನ ಮೇಯಿಸುವವರನ್ನು ಹಿಡಿಯಬಾರದು, ಹಿಡಿದರೆ ಮೂರು ದಿನದಲ್ಲಿ ಹಿಂದಿರುಗಿಸಬೇಕು ಎಂಬಂಥ ಸಣ್ಣ ಸಣ್ಣ ಕರಾರುಗಳು. ಅಂಥ ಕೋಣೆಯಲ್ಲಿ ಪ್ರತಿ ಸಲ ಯಾರಾದರೂ ಒಬ್ಬರು ಹೇಳುತ್ತಾರೆ: ಅವರನ್ನು ನಂಬಿದರೆ ಸಾಯುತ್ತೇವೆ. ನಾನು ಎದ್ದು ನಿಂತು ಆ ಮಗ್ಗಿನ ಮಾತು ಹೇಳುತ್ತಿದ್ದೆ. ಕೋಣೆ ಸ್ವಲ್ಪ ಸಡಿಲವಾಗುತ್ತಿತ್ತು. ಲಗಮಣ್ಣ ಚಹಾ ಕುಡಿಯುತ್ತ ಹೇಳಿದ್ದನ್ನು ನಾನು ಬರೆದಿದ್ದರೆ ಆ ಕೋಣೆಯವರು ಅದನ್ನೇ ನನ್ನ ಮುಖಕ್ಕೆ ಹಿಡಿಯುತ್ತಿದ್ದರು. ಹಸಿರು ಮಫ್ಲರಿನವನು ಸತ್ತದ್ದು ನಂಬಿದ್ದರಿಂದಲೇ ಅಲ್ಲವೆ, ಎನ್ನುತ್ತಿದ್ದರು. ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಆ ಸಾಲನ್ನು ಇದ್ದಂತೆಯೇ ಅನುವಾದಿಸು. ನಿನ್ನಿಂದಾಗದಿದ್ದರೆ ಟ್ರಂಕಿನ ಕೀಲಿಕೈಯನ್ನು ಬಸವಪ್ರಸಾದನ ಹತ್ತಿರ ಕೊಡು. ಬೇರೆಯವರನ್ನು ನೋಡುತ್ತೇನೆ. ಕೋಪವಿಲ್ಲ. ಆದರೆ ಇಲ್ಲಿನ ಸಂಸ್ಥೆಯವರು ಹುಡುಕುತ್ತಿರುವುದು ಯಾವುದನ್ನು ಹೊರಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ತಿಳಿದವರನ್ನು. ಅದನ್ನು ಯೋಚಿಸು.

ಸುಮನ

*

ಸಾಂಗಲಿ
10 ಫೆಬ್ರುವರಿ 2025

ಸುಮನಬಾಯಿ ಅವರಿಗೆ ನಮಸ್ಕಾರ.

ಒಂದು ತಿಂಗಳು ಬರೆಯಲಿಲ್ಲ. ಕೀಲಿಕೈ ಕೊಟ್ಟುಬಿಡೋಣವೆಂದು ಎರಡು ಸಲ ಅಂಗಡಿಯವರೆಗೆ ಹೋಗಿ ಹಿಂದಿರುಗಿ ಬಂದೆ. ಅವ್ವನಿಗೆ ದೆಹಲಿಯ ಕೆಲಸದ ವಿಷಯ ಹೇಳಿದ್ದೆ. ಅವಳು ಆಗಲೇ ಗೋದಾಮಿನ ಹೆಂಗಸರಿಗೆಲ್ಲ ಸಾರಿಬಿಟ್ಟಿದ್ದಾಳೆ. ‘ಅಲ್ಲಿ ಥಂಡಿ ಭಾಳಂತ, ಛಾಯಾ. ಮಗಳಿಗೆ ಒಂದ ರಜಾಯಿ ಹೊಲಿಸು’ ಎಂದು ಅವರು ಅವ್ವನಿಗೆ ಅನ್ನುತ್ತಾರಂತೆ.

ಕೊನೆಗೆ ನನಗನ್ನಿಸಿದ್ದು ಇದು. ಲಗಮಣ್ಣ ಬೇಡವೆಂದಿದ್ದರೆ, ಇರಲಿ ಬಿಡು ಎಂದೋ ಈಗ ಬರಿ ಎಂದೋ ಹೇಳಬಲ್ಲವರು ಅವರ ಹೆಂಡತಿ ಒಬ್ಬರೇ. ಕ್ಯಾಸೆಟ್ಟಿನ ಮಾತನ್ನೆಲ್ಲ ನನ್ನ ಫೋನಿಗೆ ಇಳಿಸಿಕೊಂಡು, ಕೊನೆಯವರೆಗೆ ಕೇಳದೆಯೇ, ಹೋದ ಭಾನುವಾರ ಸಲಗರೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಬಾಗಿಲಲ್ಲಿ ನಿಂತಾಗ ಒಂದೂ ನೆನಪಾಗಲಿಲ್ಲ.

ಸೀತವ್ವನಿಗೆ ಎಪ್ಪತ್ತಾರು ದಾಟಿದೆ. ಲಗಮಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತು. ಸೊಸೆ ಸಪನಾ ಚಹಾ ಕೊಟ್ಟಳು. ಕುಡಿದ ಮೇಲೆ ನಾನು ಬಸಿಗಳನ್ನು ತೊಳೆದು, ಮನೆಯ ರೂಢಿಯಂತೆ, ಕಟ್ಟೆಯ ಮೇಲೆ ಬೋರಲು ಹಾಕಿದೆ. ಸಪನಾ ‘ನಕೋ ನಕೋ, ಬ್ಯಾಡ್ರಿ ತಾಯಿ!’ ಎನ್ನುತ್ತ ಓಡಿ ಬಂದು ಎಲ್ಲವನ್ನೂ ನೆಟ್ಟಗೆ ಮಾಡಿ ಅರಿವೆಯಿಂದ ಒರೆಸಿದಳು. ‘ನಮ್ಮನ್ಯಾಗ ಏನೂ ಬೋರಲ ಇಡೂದಿಲ್ರಿ. ಯಾಕ ಅಂತ ನನಗ ಗೊತ್ತಿಲ್ಲ. ನಾ ಬಂದಾಗಿಂದ ಹಂಗ ಐತಿ.’ ನನಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ನನ್ನ ಕೈ ಬೋರಲು ಹಾಕಿತ್ತು. ಸೀತವ್ವ ನನ್ನ ಮುಖವನ್ನೇ ನೋಡಿದರು.

‘ನಿನಗ ಗೊತ್ತೈತಿ,’ ಎಂದರು. ‘ಯಾರ ಹೇಳಿದ್ರು?’

ಫೋನು ತೆಗೆದು ತೋರಿಸಿದೆ. ‘ಲಗಮಣ್ಣ ಕಾಕಾನ ಹೇಳ್ಯಾರ್ರಿ,’ ಎಂದೆ. ಅಲ್ಲಿಯವರೆಗೆ ನಾನಾಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಗಂಡನ ಧ್ವನಿ ಬಂದಾಗ ಸೀತವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಗುಂಡಿನ ಮಾತು ಬಂತು. ನಾನು ನಿಲ್ಲಿಸಲು ಹೋದೆ. ಅವರು ನನ್ನ ಕೈ ಹಿಡಿದರು. ಹಾಗಾಗಿ ಉಳಿದ ಒಂಬತ್ತು ನಿಮಿಷವನ್ನು ನಾನು ಮೊದಲ ಸಲ ಅಲ್ಲಿ ಕೇಳಿದೆ.

ಬಾಯಿ, ಬರೆಯಬೇಡ ಎಂದದ್ದು ಲಗಮಣ್ಣ ಅಲ್ಲ.

ಬಸಿ ಕೆಳಗಿಟ್ಟ ಸಪ್ಪಳ ಬರುತ್ತದೆ. ಆಮೇಲೆ ಒಂದು ಹೆಣ್ಣುದನಿ: ‘ಇದನ್ನ ಬರಿಯೂದಿಲ್ರಿ ಕಾಕಾ. ಇದು ಪುಸ್ತಕದಾಗ ಬ್ಯಾಡ. ನೀವ ಹೆದರಬ್ಯಾಡ್ರಿ.’ ಅದು ನಿಮ್ಮ ದನಿ. ಅವರ ಉತ್ತರ ಹೀಗಿದೆ:

‘ನಾ ಎಲ್ಲಿ ಹೆದರೇನಿ? ಬರಿ ಅಂತನ ಹೇಳಾಕ್ಹತ್ತೇನಿ. ಇನ್ನೂ ಮುಗದಿಲ್ಲ, ಕೇಳು. ಹನ್ನೊಂದ ದಿನಾ ಯಾರೂ ಒರತಿಗೆ ಇಳೀಲಿಲ್ಲ. ಬರ್ಫ ಕರಗಿಸಿ ಕುಡದ್ವಿ. ಅವರೂ ಅದನ್ನ ಮಾಡತಿದ್ರು, ಹೊಗಿ ಕಾಣತಿತ್ತು. ಹನ್ನೆರಡನೇ ದಿನಾ ಅವರ ಕಡಿಂದ ಒಬ್ಬ ಮುದಕ ಇಳದ. ಬಂದೂಕಿಲ್ಲ. ಎರಡೂ ಕೈ ಕಾಣೂ ಹಂಗ ಹಿಡಕೊಂಡು ಬಂದ. ಸಾಹೇಬ ಹೊಡೀರಿ ಅಂದ್ರು. ಎಂಟ ಮಂದಿ ಇದ್ವಿ. ಒಬ್ಬನೂ ಹೊಡೀಲಿಲ್ಲ. ಮತ್ತೊಮ್ಮೆ ಅಂದ್ರು. ಹೊಡೀಲಿಲ್ಲ. ಮುದಕ ಕಲ್ಲಿನ ಮ್ಯಾಲಿನ ಮಗ್ಗ ತಗೊಂಡ, ಕೋಟಿನಾಗ ಇಟಗೊಂಡ, ಹೋದ. ಹಿಂದ ತಿರಗಿ ಸುದ್ದಾ ನೋಡಲಿಲ್ಲ. ಗುಟ್ಟ ಹೇಳಿದ್ದಕ್ಕ ನನಗ ಶಾಬಾಸಕಿ ಸಿಕ್ಕಿತ್ತು ತಂಗಿ. ಹೊಡೀಲಾರದ್ದಕ್ಕ ಶಿಕ್ಷಾ ಆತು. ಎರಡೂ ಬರಿ.’

ಆಮೇಲೆ ಕ್ಯಾಸೆಟ್ ಮುಗಿಯುತ್ತದೆ.

ಸೀತವ್ವ ನನ್ನ ಕೈ ಬಿಟ್ಟು ಹೇಳಿದರು: ‘ಪುಸ್ತಕ ಬರೂ ತನಕಾ ದಾರಿ ನೋಡಿದ್ರು ನಮ್ಮನಿಯವರು. ಬಂತು. ಸಾಲಿ ಬಾಬಾಸಾಹೇಬ ಮಾಸ್ತರು ಓದಿ ತಿಳಿಸಿ ಹೇಳಿದ್ರು. ಇವರು ಗ್ವಾಡಿಗೆ ಆತು ಕುಂತು ಎಲ್ಲಾ ಕೇಳಿದ್ರು. ಆಮ್ಯಾಲ ಇಷ್ಟ ಅಂದ್ರು: ಭಾಳ ಚಲೋ ಬರದಾಳ, ಅರ್ಧಾ.’

‘ಬಾಯಿಗೆ ಸಿಟ್ಟ ಮಾಡಿಕೊಂಡಿದ್ರೇನ್ರಿ?’ ಎಂದೆ.

‘ಸಿಟ್ಟ ಯಾಕ? ಶಾಣ್ಯಾ ಹುಡಿಗಿ, ಉಳಿದ ಅರ್ಧಾ ಬರಿಯಾಕ ಬಂದ ಬರ್ತಾಳ ಅಂತಿದ್ರು. ಕೆಂಪ ಬಸ್ಸಿನ ಸಪ್ಪಳಾದ್ರ ಹೊರಗ ಬಂದ ನೋಡತಿದ್ರು.’

ಇದನ್ನು ನಿಮಗೆ ಬರೆಯಬಾರದೆಂದುಕೊಂಡಿದ್ದೆ. ಆದರೆ ಇದನ್ನು ಬಿಟ್ಟರೆ ನಾನೂ ಆ ಬೆರಳಚ್ಚುಗಾರನೇ ಆಗುತ್ತೇನೆ.

ಅವರೇ ಬೇಡವೆಂದರೆಂದು ನೀವು ಬೇಕೆಂದೇ ಸುಳ್ಳು ಬರೆದಿರಿ ಎಂದು ನನಗನ್ನಿಸುವುದಿಲ್ಲ. ಗುಂಡಿನ ಮಾತು ಬಂದ ಕೂಡಲೇ ನಾನೂ ಯಂತ್ರ ನಿಲ್ಲಿಸಿದವಳೇ. ನೀವು ಯಂತ್ರ ನಿಲ್ಲಿಸಲಿಲ್ಲ, ಕೇಳುವುದನ್ನು ನಿಲ್ಲಿಸಿದಿರಿ. ಸಮಿತಿಯ ಕೋಣೆಯಲ್ಲಿ ನಿಮ್ಮ ಬಳಿ ಉತ್ತರವಿರಲಿಲ್ಲ ಎಂದು ಬರೆದಿದ್ದೀರಿ. ಉತ್ತರ ಆ ಒಂಬತ್ತು ನಿಮಿಷದಲ್ಲಿತ್ತು. ಮೋಸವಾದ ಮೇಲೂ ಎಂಟು ಜನ ಗುಂಡು ಹಾರಿಸಲಿಲ್ಲ. ನಾನು ಸಾಹಿತ್ಯ ಓದಿದವಳು, ನಿಮ್ಮ ಶಾಸ್ತ್ರ ಗೊತ್ತಿಲ್ಲ. ಕೊನೆ ಕತ್ತರಿಸಿದರೆ ಕಥೆ ಬೇರೆಯಾಗುತ್ತದೆ ಎಂಬುದಷ್ಟೇ ಗೊತ್ತು.

ಧ್ವನಿಮುದ್ರಿಕೆಯನ್ನು ಬಸವಪ್ರಸಾದ ಕಾಕಾ ನಿಮ್ಮ ಫೋನಿಗೆ ಕಳಿಸುತ್ತಾರೆ. ಕೇಳಲು ಕಣ್ಣು ಬೇಕಾಗಿಲ್ಲ.

ಕೀಲಿಕೈ ನನ್ನ ಹತ್ತಿರವೇ ಇದೆ.

ನಿಮ್ಮ
ದಾನೇಶ್ವರಿ

*

ದೆಹಲಿ
20 ಮಾರ್ಚ್ 2025

ದಾನೇಶ್ವರಿ,

ಕೇಳಿದೆ. ನಾಲ್ಕು ಸಲ.

ಆ ದನಿ ನನ್ನದೇ. ಎಷ್ಟು ಎಳೆಯ ದನಿ, ಎಷ್ಟು ಆತುರ. ಮುದುಕ ಮಗ್ಗು ತೆಗೆದುಕೊಂಡು ಹೋದದ್ದು ನನಗೆ ನೆನಪೇ ಇಲ್ಲ. ಎದುರಿಗೇ ಕೂತಿದ್ದೆ, ಹೂಂಗುಟ್ಟಿದ್ದೂ ಕೇಳಿಸುತ್ತದೆ. ಆದರೂ ನೆನಪಿಲ್ಲ. ಪುಸ್ತಕ ಹೇಗೆ ಮುಗಿಯಬೇಕೆಂದು ಅಷ್ಟರಲ್ಲಿ ನನ್ನ ತಲೆಯಲ್ಲಿ ನಿಶ್ಚಯವಾಗಿತ್ತೆಂದು ಕಾಣುತ್ತದೆ.

ಸೀತವ್ವನಿಗೆ ಕಾಗದ ಬರೆಯಲು ಕೂತೆ. ಮೂರು ಹಾಳೆ ಹರಿದೆ. ಅರವತ್ತೆಂಟು ನನಗೆ. ಮೂವತ್ತೊಂದರಲ್ಲಿ ಬರೆಯಬೇಕಾಗಿದ್ದನ್ನು ಈಗ ಬರೆಯಲು ಕೈ ಬರುವುದಿಲ್ಲ. ಇದು ಕಣ್ಣಿನ ತೊಂದರೆಯಲ್ಲ.

ಆ ಮಾತನ್ನು ಸೇರಿಸು. ತಡೆಯುವುದಿಲ್ಲ. ಪುಸ್ತಕದ ಕೊನೆಯಲ್ಲಿ, ಅನುಬಂಧದಲ್ಲಿ, ಸಣ್ಣ ಅಕ್ಷರದಲ್ಲಿ. ಅದಕ್ಕೆ ನಾನು ಮುನ್ನುಡಿ ಬರೆಯುವುದಿಲ್ಲ, ಅದರ ಕೆಳಗೆ ನನ್ನ ಹೆಸರು ಬೇಡ. ನನ್ನ ಅಧ್ಯಾಯ ಇದ್ದಂತೆಯೇ ಇರಲಿ. ಇಷ್ಟು ನನ್ನಿಂದಾದೀತು.

ಸಂಸ್ಥೆಯವರು ನಿನಗೆ ಕಾಗದ ಕಳಿಸಿದ್ದಾರೆ. ನಿನ್ನ ಬಗ್ಗೆ ನಾನು ಒಳ್ಳೆಯದನ್ನೇ ಹೇಳಿದ್ದೇನೆ. ನನ್ನ ಕಾಗದಗಳನ್ನು ಜೋಡಿಸಲು ನಿನಗಿಂತ ತಕ್ಕವರಿಲ್ಲ. ಇದನ್ನು ಬೆದರಿಕೆಯಾಗಿ ಬರೆಯುತ್ತಿಲ್ಲ. ಹೋದ ಸಲ ಹಾಗೆ ಬರೆದಿದ್ದೆ.

ಸುಮನ

*

ಸಾಂಗಲಿ
14 ಏಪ್ರಿಲ್ 2025

ಸುಮನಬಾಯಿ ಅವರಿಗೆ ನಮಸ್ಕಾರ.

ಇಂದು ನಮ್ಮ ಓಣಿಯಲ್ಲಿ ಜಯಂತಿಯ ಗದ್ದಲ. ಅಪ್ಪ ಭೂಷಣ ಬೆಳಗಾಗುವ ಮೊದಲೇ ಎದ್ದು ನೀಲಿ ಪತಾಕೆ ಕಟ್ಟಿದ್ದಾನೆ. ಅವ್ವ ಗೋದಾಮಿಗೆ ರಜೆ ಹಾಕಿ ಬಿಳಿ ಸೀರೆ ಉಟ್ಟಿದ್ದಾಳೆ. ಬಿಳಿಯ ಮೇಲೆ ಕೈಯ ಹಳದಿ ಇನ್ನೂ ಎದ್ದು ಕಾಣುತ್ತದೆ. ಅದನ್ನು ಮುಚ್ಚಿಕೊಳ್ಳದೆಯೇ ಮೆರವಣಿಗೆಗೆ ಹೊರಟಳು. ಮನೆ ಖಾಲಿಯಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾಲ್ಕನೇ ಅಧ್ಯಾಯ ಮುಗಿಯಿತು. ನಿಮ್ಮ ಒಂದು ಸಾಲನ್ನೂ ಅಳಿಸಿಲ್ಲ. ಪಲ್ಟಣ ಬದಲಾಯಿತು ಎಂಬ ಸಾಲೂ ಇದೆ. ಆದರೆ ಲಗಮಣ್ಣ ಅವರ ಇಪ್ಪತ್ತೆರಡು ನಿಮಿಷವನ್ನು ಅನುಬಂಧದಲ್ಲಿ ಹಾಕಿಲ್ಲ. ಅವರು ಹೇಳಿದ್ದು ಪುಸ್ತಕದ ಕೊನೆಯಲ್ಲಿ ಅಲ್ಲ. ಚಹಾ ಬಂದಾಗ. ಅಧ್ಯಾಯದಲ್ಲಿ ಚಹಾ ಬರುವ ಜಾಗದಲ್ಲೇ ಅದನ್ನಿಟ್ಟಿದ್ದೇನೆ, ಅವರ ಮಾತಿನಲ್ಲೇ, ನಿಮ್ಮ ಮಾತಿನಷ್ಟೇ ದೊಡ್ಡ ಅಕ್ಷರದಲ್ಲಿ. ಅದು ಮುಗಿದ ಮೇಲೆ ನಿಮ್ಮ ಸಾಲು ಬರುತ್ತದೆ. ಓದುವವರು ಎರಡನ್ನೂ ಓದಲಿ. ‘ಇದನ್ನ ಬರಿಯೂದಿಲ್ರಿ ಕಾಕಾ’ ಎಂಬ ಮಾತೂ ಇದೆ. ಅದನ್ನು ತೆಗೆಯೋಣವೇ ಎಂದು ಎರಡು ದಿನ ಯೋಚಿಸಿದೆ. ತೆಗೆಯಲಿಲ್ಲ.

ಸೀತವ್ವನಿಗೆ ಓದಿ ತೋರಿಸಿ ಬಂದೆ. ಪೂರ್ತಿ ಕೇಳಿ, ‘ಈಗ ಆತು’ ಎಂದರು. ನೀವು ಬರೆಯಲಾಗದೆ ಹಾಳೆ ಹರಿದ ಸಂಗತಿಯನ್ನೂ ಹೇಳಿದೆ. ‘ಬರಿಯೂದ್ಯಾಕ? ಬಂದು ಚಹಾ ಕುಡದ ಹೋಗಂತ ಹೇಳು. ಬಸಿ ಆಗಿನವ ಇನ್ನೂ ಅದಾವು,’ ಎಂದರು.

ಹಸ್ತಪ್ರತಿ ನೋಡಿ ಧಾರವಾಡದ ಪ್ರಕಾಶಕರು ಫೋನು ಮಾಡಿದ್ದರು. ‘ಮೂಲ ಪುಸ್ತಕದಲ್ಲಿ ಇಲ್ಲದ ಪುಟಗಳು ಇವು. ಲೇಖಕಿಯ ಹೆಸರಿಲ್ಲ, ಅನುವಾದಕಿಯ ಹೆಸರೂ ಬೇಡವೆನ್ನುತ್ತೀರಿ. ನಾಳೆ ಯಾರಾದರೂ ಬಂದು ಇದಕ್ಕೆ ಜವಾಬು ಹೇಳುವವರು ಯಾರು ಎಂದರೆ ಯಾರನ್ನು ತೋರಿಸಲಿ?’ ಎಂದರು. ನಾನು ಎಂದಿನಂತೆ ‘ಹೂಂ’ ಎಂದೆ. ಆಮೇಲೆ ಲೇಖಕಿಯವರಿಗೆ ಒಂದು ತಿಂಗಳು ಕಾಲ ಕೊಡಿ ಎಂದು ಕೇಳಿಕೊಂಡೆ. ಈ ಜೋಡಣೆ ನಿಮಗೆ ಒಪ್ಪಿಗೆಯಾಗದಿದ್ದರೆ ಅಷ್ಟರಲ್ಲಿ ಅವರಿಗೆ ತಿಳಿಸಿ. ಹಸ್ತಪ್ರತಿಯನ್ನು ಬಸವಪ್ರಸಾದ ಕಾಕಾನ ಹತ್ತಿರ ಕೊಟ್ಟು ಅನುವಾದ ಬಿಡುತ್ತೇನೆ. ಜೋಡಣೆಯನ್ನು ಮಾತ್ರ ಬದಲಿಸುವುದಿಲ್ಲ.

ದೆಹಲಿಯ ಸಂಸ್ಥೆಯವರಿಗೆ ಬರುವುದಿಲ್ಲವೆಂದು ಬರೆದೆ. ಅವ್ವ ಎರಡು ದಿನ ಮಾತು ಬಿಟ್ಟಿದ್ದಳು. ಟ್ರಂಕಿನಲ್ಲಿರುವ ನಲವತ್ತೊಂದು ಬೆರಳಚ್ಚು ಪ್ರತಿಗಳನ್ನೂ ತೆಗೆದು ನೋಡಿದೆ ಬಾಯಿ. ಅವುಗಳ ಪೈಕಿ ಇಪ್ಪತ್ತಾರು ಪ್ರತಿಗಳಲ್ಲಿ ಅದೇ ಕೆಂಪು ಪೆನ್ಸಿಲ್ ಇದೆ: ಮನೆಮಾತು, ಬಿಟ್ಟಿದೆ. ಆ ಮಾತಾಡಿದವರ ಮನೆಗಳು ಇರುವುದು ಇಲ್ಲಿ. ನೀವು ಶುರು ಮಾಡಿದ ಕೆಲಸವೇ ಅದು. ನಿಮ್ಮ ಹಾಗೆ ಬಸ್ಸು ಹತ್ತುತ್ತೇನೆ, ಶ್ರೇಣಿಕನ ಯಂತ್ರ ಹಿಡಿದುಕೊಂಡು. ಇನ್ನೂ ಅಂಜಿಕೆಯಿದೆ. ಬಾಗಿಲಲ್ಲಿ ನಿಂತು ಮಾತು ಮರೆಯುವವಳೇ ನಾನು. ಸುಮ್ಮನೆ ಕೂತರೆ ಜನ ತಾವಾಗಿಯೇ ಮಾತಾಡುತ್ತಾರೆಂದು ಸಲಗರೆಯಲ್ಲಿ ತಿಳಿಯಿತು.

ಕೀಲಿಕೈಯನ್ನು ಇಟ್ಟುಕೊಳ್ಳುತ್ತೇನೆ, ನೀವು ಬಂದು ಕೇಳುವವರೆಗೆ. ಬಂದರೆ ಸಲಗರೆಗೆ ಕೂಡಿಯೇ ಹೋಗೋಣ.

ಜವಾಬು ಕೇಳುವವರ ಮಾತು ಮನಸ್ಸಿನಲ್ಲೇ ಉಳಿದಿತ್ತು. ಇಂದು ಮೆರವಣಿಗೆಯ ಸಪ್ಪಳ ದೂರ ಹೋದ ಮೇಲೆ, ಹಸ್ತಪ್ರತಿ ತೆಗೆದು ಆ ಪುಟಗಳ ಕೆಳಗೆ ಎರಡು ಸಾಲು ಬರೆದೆ. ಪ್ರಕಾಶಕರಿಗೂ ಒಂದು ಪ್ರತಿ ಕಳಿಸುತ್ತಿದ್ದೇನೆ.

‘ಈ ಮಾತುಗಳನ್ನು ಮೂಲ ಧ್ವನಿಮುದ್ರಿಕೆಯಿಂದ ಕೇಳಿ ಬರೆದವಳು ನಾನು. ಇದಕ್ಕೆ ಜವಾಬು ನನ್ನದು.
ದಾನೇಶ್ವರಿ ಭೂಷಣ ಕಾಂಬಳೆ, ಸಾಂಗಲಿ.’

ಅಕ್ಷರ ಸಣ್ಣದು ಮಾಡಿಲ್ಲ.

ನಿಮ್ಮ
ದಾನೇಶ್ವರಿ ಭೂಷಣ ಕಾಂಬಳೆ